ಸಾಹೇಬ್ರು ಹೋದ ಮೇಲೆ

ನಮ್ಮಪ್ಪ ಕುರುಬರಹಳ್ಳಿಯಲ್ಲಿ ಟೈಲರ್. ಥರ್ಡ್ ಕ್ರಾಸಿನ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಅವರ ಪಕ್ಷದ ವಾರ್ಡ್ ಆಫೀಸೂ ಅದೇ. ಪಕ್ಷ ಅಂದರೆ ಒಬ್ಬರೇ. ಅವರನ್ನು ಎಲ್ಲರೂ ಸಾಹೇಬ್ರು ಅನ್ನುತ್ತಿದ್ದರು. ಚುನಾವಣೆ ಬಂದಾಗ ಪಕ್ಷದ ಹೆಸರು ಕೇಳುವವರಿರಲಿಲ್ಲ, ಪೋಸ್ಟರಿನಲ್ಲಿ ಸಾಹೇಬ್ರ ಮುಖ ಇದ್ದರೆ ಸಾಕಿತ್ತು.

ಅದರ ಸುಖ ನಾವೂ ಉಂಡವರೇ. ಬೀದಿಯ ಚರಂಡಿ ಕಟ್ಟಿಕೊಂಡರೆ ಅಪ್ಪ ಒಂದು ಫೋನ್ ಮಾಡುತ್ತಿದ್ದರು, ಸಂಜೆಯೊಳಗೆ ಆಳುಗಳು ಬರುತ್ತಿದ್ದರು. ಒಬ್ಬರ ಮುಖ ಒಬ್ಬರಿಗೆ ಆಗದ ಕಾರ್ಯಕರ್ತರೂ ಸಾಹೇಬ್ರು ಹೇಳಿದರೆ ಒಂದೇ ಆಟೊದಲ್ಲಿ ಪ್ರಚಾರಕ್ಕೆ ಹೋಗುತ್ತಿದ್ದರು. ಒಮ್ಮೆ ಸಾಹೇಬ್ರು ನಮ್ಮ ಮನೆಗೇ ಬಂದು, ಅಮ್ಮ ಮಾಡಿದ ಅವರೆಕಾಳು ಉಪ್ಪಿಟ್ಟನ್ನು ಇನ್ನೊಂದು ಸಲ ಹಾಕಿಸಿಕೊಂಡು ತಿಂದರು. ಎಷ್ಟೋ ದಿನಗಳ ಮೇಲೆ ಕೆಂಗೇರಿಯ ಸಭೆಯಲ್ಲಿ, ಅಷ್ಟು ಜನರ ನಡುವೆ ಅಪ್ಪನ ಭುಜ ಹಿಡಿದು, "ಮನೇಲಿ ತಂಗಿ ಚೆನ್ನಾಗಿದ್ದಾರಾ? ಆ ಉಪ್ಪಿಟ್ಟು ಮರೆತಿಲ್ಲ," ಅಂದರಂತೆ. ಅದನ್ನು ಹೇಳುವಾಗ ಅಪ್ಪ ಕಣ್ಣು ಒರೆಸಿಕೊಂಡರು.

ಸಾಹೇಬ್ರು ಹೃದಯಾಘಾತವಾಗಿ ತೀರಿಕೊಂಡರು. ಸ್ವಲ್ಪ ದಿನಕ್ಕೆ ನಮ್ಮ ಕೋಣೆಯಲ್ಲಿ ಕಾರ್ಯಕರ್ತರೆಲ್ಲ ಸೇರಿದರು. ವಾರ್ಡನ್ನು ಇನ್ನು ಮುಂದೆ ಯಾರು ನೋಡಿಕೊಳ್ಳಬೇಕು ಅನ್ನುವ ಮಾತು ಬಂತು.

"ಮುಂದೆ ನೀನೇ ಅಂತ ಸಾಹೇಬ್ರು ನಂಗೆ ಹೇಳಿದ್ರು," ಅಂದರು ಒಬ್ಬರು.

"ನಂಗೂ ಹಾಗೇ ಹೇಳಿದ್ರು," ಅಂದರು ಇನ್ನೊಬ್ಬರು.

ಅಪ್ಪ ಹೊಲಿದ ಬಟ್ಟೆಗಳನ್ನು ಮಡಿಸುತ್ತಾ ಕೂತಿದ್ದರು. ಅವರಿಗೂ ಹಾಗೇ ಹೇಳಿದ್ದರಂತೆ. ಅದನ್ನು ಅಮ್ಮ ಆಮೇಲೆ ನನಗೆ ತಿಳಿಸಿದಳು. ಕೂತು ಮಾತಾಡಿ ತೀರ್ಮಾನಕ್ಕೆ ಬರುವುದು ಅಲ್ಲಿದ್ದ ಯಾರಿಗೂ ರೂಢಿಯಿರಲಿಲ್ಲ. ಜಗಳವಾಡಿಕೊಂಡು ಎದ್ದು ಹೋದರು. ಕೆಲವರು ಬೇರೆ ಪಕ್ಷ ಸೇರಿದರು.

"ಅವರಿದ್ದಾಗಲೇ ನೀವ್ಯಾರೂ ಕೇಳ್ಲಿಲ್ವಾ ಅಪ್ಪ, ಮುಂದೇನು ಅಂತ?" ಅಂದೆ.

"ಎದುರಿಗೆ ನಗ್ತಾ ನಿಂತಿರೋರನ್ನ, ನೀವು ಹೋದ್ಮೇಲೇನು ಅಂತ ಹೇಗಮ್ಮ ಕೇಳೋದು?"

ಆ ಮಳೆಗಾಲದಲ್ಲಿ ಚರಂಡಿ ಮತ್ತೆ ಉಕ್ಕಿತು. ಎದುರುಮನೆ ಆಂಟಿ ಯಾವತ್ತಿನಂತೆ ಅಪ್ಪನ ಹತ್ತಿರ ಬಂದರು. ಅಪ್ಪ ಫೋನ್ ಕೈಗೆತ್ತಿಕೊಂಡು ಹಾಗೇ ಕೂತುಬಿಟ್ಟರು. ಅಮ್ಮ ಒಳಗಿಂದ ಬಂದು, "ನಾವೇ ಹೋಗಿ ಕೇಳೋಣ ಏಳಿ," ಅಂದಳು.

ಬೀದಿಯವರೆಲ್ಲ ಹೊರಟೆವು. ಅಪ್ಪನ ಜೊತೆ ಮಾತು ಬಿಟ್ಟಿದ್ದ, ಎದುರು ಪಕ್ಷದ ಹಿರಿಯರೊಬ್ಬರೂ ಬಂದರು. ಕಾರ್ಪೊರೇಷನ್ ಆಫೀಸಿನಲ್ಲಿ ಇಂಜಿನಿಯರ್, "ಯಾರ ಕಡೆಯಿಂದ ಬಂದಿದೀರಿ?" ಅಂದರು. ಅಪ್ಪ ನಮ್ಮನ್ನೆಲ್ಲ ಒಮ್ಮೆ ತಿರುಗಿ ನೋಡಿ, "ಥರ್ಡ್ ಕ್ರಾಸಿನವರು ಸಾರ್," ಅಂದರು.

ಅಷ್ಟಕ್ಕೇ ಕೆಲಸ ಆಗಲಿಲ್ಲ. ಮತ್ತೆ ಮತ್ತೆ ಅಲೆದೆವು. ಮಳೆಗಾಲ ಮುಗಿಯುತ್ತಾ ಬಂದಾಗ ಹೊಸ ಪೈಪ್ ಹಾಕಿದರು. ಆ ಸಂಜೆ ಅಪ್ಪ ಬಾಗಿಲ ಮೆಟ್ಟಿಲ ಮೇಲೆ ಕೂತು, "ಅವರಿದ್ದಿದ್ರೆ ಒಂದೇ ದಿನದ ಕೆಲಸ," ಅಂದರು.

ಅಮ್ಮ ವಾದಕ್ಕಿಳಿಯಲಿಲ್ಲ. "ಹೂಂ ಕಣ್ರೀ," ಅಂತ ಪಕ್ಕದಲ್ಲಿ ಕೂತು, ಅವರ ಅಂಗಿಗೆ ಅಂಟಿದ್ದ ದಾರದ ಎಳೆಗಳನ್ನು ಒಂದೊಂದಾಗಿ ತೆಗೆಯತೊಡಗಿದಳು.