ಹೊಲಿಗೆಯನ್ನು ಹೊರಗಿಟ್ಟ ತಿತಿಲಿಯಾ

ಬೆಳಗಿನ ಐದು ಗಂಟೆ. ನಮ್ಮ ದ್ವೀಪದ ಲೌಟೋಕಾ ಪಟ್ಟಣದ ಮಾರುಕಟ್ಟೆಗೆ ಹೋಗುವ ಲಾರಿಗಳು ಇನ್ನೂ ಬಂದಿಲ್ಲ. ಜಗಲಿಯ ಚಾಪೆಯ ಮೇಲೆ ಕುಳಿತ ತಿತಿಲಿಯಾ ಹೊಚ್ಚಹೊಸ ಶಾಲಾ ಅಂಗಿಯೊಂದರ ಹೊಲಿಗೆ ಬಿಚ್ಚುತ್ತಿದ್ದಾರೆ. ಕತ್ತಿನ ಹಿಂದಿನ ಚೀಟಿ ಮೊದಲು ಹೋಗುತ್ತದೆ. ಆಮೇಲೆ ಕಂಕುಳು, ಆಮೇಲೆ ತೋಳು. ಬಿಚ್ಚಿದ್ದನ್ನೆಲ್ಲ ಮತ್ತೆ ಹೊಲಿಯುತ್ತಾರೆ, ಆದರೆ ಅಂಚುಗಳೆಲ್ಲ ಹೊರಮುಖವಾಗಿ. ಒಳಗೆ ಕೈಯಾಡಿಸಿದರೆ ಒಂದು ಗಂಟೂ ಸಿಗಬಾರದು.

"ಏನಕ್ಕಾ, ರಾತ್ರಿ ಕುಡಿದ ಕಾವಾದ ಮತ್ತು ಇನ್ನೂ ಇಳ್ದಿಲ್ವಾ? ಮತ್ತೆ ಒಳಗಿಂದು ಹೊರಗೆ ಹೊಲೀತಿದ್ದೀಯಲ್ಲ!" ಮರಗೆಣಸಿನ ಮೂಟೆ ಹೊತ್ತು ಹೊರಟ ಪಕ್ಕದ ಮನೆಯ ಲಿವಾಯ್ ಕಿಚಾಯಿಸುತ್ತಾನೆ.

"ನಿನ್ನ ಗುಂಡಿ ಮೇಲೆ ಕೆಳಗೆ ಆಗಿದೆ, ಅದನ್ನ ನೋಡ್ಕೋ ಹೋಗೋ."

ಅವನು ಬಗ್ಗಿ ನೋಡಿಕೊಳ್ಳುತ್ತಾನೆ. ಗುಂಡಿ ಸರಿಯಾಗಿಯೇ ಇದೆ. ತಿತಿಲಿಯಾ ಬಾಯ್ತುಂಬ ನಗುತ್ತಾರೆ.

ಐವತ್ತೆರಡರ ಈ ಹೆಂಗಸು ಹೊಲಿಯುವುದು ಆಟಿಸಂ, ಎಡಿಎಚ್‌ಡಿ ಇರುವ ಮಕ್ಕಳ ಬಟ್ಟೆಗಳನ್ನು. ಈ ವರ್ಷ ಮೂವತ್ತೊಂದು ಮಕ್ಕಳಿದ್ದಾರೆ. ನಮಗೆ ಗೊತ್ತೇ ಆಗದ ಹೊಲಿಗೆಯ ಎಳೆಯೊಂದು ಕೆಲವು ಮಕ್ಕಳ ಮೈಗೆ ಇಡೀ ದಿನ ಮುಳ್ಳಿನಂತೆ ಚುಚ್ಚುತ್ತದೆ. ಅದಕ್ಕೇ ಹೊಸ ಬಟ್ಟೆಯನ್ನು ಮಕ್ಕಳಿಗೆ ಕೊಡುವ ಮೊದಲು ಏಳು ಸಲ ಒಗೆಯುತ್ತಾರೆ. ದಿನಕ್ಕೆ ಮೂರು ಅಂಗಿ ಮುಗಿದರೆ ಹೆಚ್ಚು.

ಒಗೆದದ್ದು ಸಾಕೋ ಇಲ್ಲವೋ ಎಂದು ಹೇಳುವವಳು ಮಗಳು ವಿಲಿಮೈನಾ. ಇಪ್ಪತ್ತನಾಲ್ಕು ವರ್ಷ, ಅವಳಿಗೂ ಆಟಿಸಂ. ಬಟ್ಟೆಯನ್ನು ಕೊರಳಿಗೆ ಒತ್ತಿಕೊಂಡು ಕಣ್ಣುಮುಚ್ಚಿ ನಿಲ್ಲುತ್ತಾಳೆ.

"ಕಚ್ಚುತ್ತೆ."

"ಏಳ್ ಸಲ ಆಯ್ತಲ್ಲೇ!"

"ಕಚ್ಚುತ್ತೆ ಅಂದ್ನಲ್ಲಮ್ಮ."

ತಾಯಿ ಬಕೆಟ್ ಎತ್ತಿಕೊಳ್ಳುತ್ತಾರೆ. ಕಳೆದ ವಾರ ಒಂದು ಬಟ್ಟೆ ಹನ್ನೊಂದು ಸಲ ನೀರು ಕಂಡಿತು.

ಆರೂವರೆಗೆ ಲೋಸಲಿನಿ ಬರುತ್ತಾಳೆ. ಅವಳ ಒಂಬತ್ತು ವರ್ಷದ ಮಗಳು ಆಲಿಸಿಗೆ ಎಡಿಎಚ್‌ಡಿ. ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡರೆ ಇನ್ನೊಂದನ್ನು ಮರೆತು ಕಿಟಕಿಯಲ್ಲಿ ನಿಲ್ಲುವ ಹುಡುಗಿ. ಅವಳಿಗಾಗಿ ತಿತಿಲಿಯಾ ಬಟ್ಟೆಯ ಪಟ್ಟಿಯೊಂದನ್ನು ಹೊಲಿದಿದ್ದಾರೆ. ಅದರ ಮೇಲೆ ಬ್ರಷ್ಷು, ಅಂಗಿ, ಕಾಲುಚೀಲ, ತಿಂಡಿ ಡಬ್ಬಿ, ಚೀಲ, ಹೀಗೆ ಹನ್ನೊಂದು ಚಿತ್ರಗಳು. ಒಂದೊಂದು ಕೆಲಸ ಮುಗಿದಂತೆ ಆ ಚಿತ್ರವನ್ನು ಮಡಚಿ ಗುಂಡಿ ಹಾಕಬೇಕು.

"ಮೊದ್ಲು ‘ರೆಡಿಯಾಗೇ, ರೆಡಿಯಾಗೇ’ ಅಂತ ನನ್ನ ಗಂಟಲೇ ಬಿದ್ದುಹೋಗ್ತಿತ್ತು," ಎನ್ನುತ್ತಾಳೆ ಲೋಸಲಿನಿ.

"ರೆಡಿಯಾಗು ಅನ್ನೋದು ಒಂದು ಕೆಲ್ಸ ಅಂದ್ಕೊಂಡಿದ್ದೀಯಾ? ಹನ್ನೊಂದು ಕೆಲ್ಸ ಅದು. ನಮಗೆ ಸಾಲಾಗಿ ಬರ್ತವೆ. ಆ ಮಗೂಗೆ ಹನ್ನೊಂದೂ ಒಟ್ಟಿಗೆ ನುಗ್ತವೆ. ಯಾವುದನ್ನ ಹಿಡಿಯುತ್ತೆ ಪಾಪ?" ತಿತಿಲಿಯಾ ದಾರ ಕಡಿಯುತ್ತ ಹೇಳುತ್ತಾರೆ.

ಇಷ್ಟೆಲ್ಲ ಬಲ್ಲ ಇವರು ಮಗಳ ಕೆನ್ನೆಗೆ ಮೂಗು ತಾಗಿಸಿ ಹದಿನೇಳು ವರ್ಷಗಳಾದವು. ನಮ್ಮಲ್ಲಿ ಪ್ರೀತಿ ಎಂದರೆ ಅದೇ. ಮಗು ಕಂಡರೆ ಹತ್ತಿರ ಎಳೆದುಕೊಂಡು, ಕೆನ್ನೆಗೆ ಮೂಗಿಟ್ಟು, ಒಂದು ದೀರ್ಘ ಉಸಿರು ಒಳಗೆಳೆದುಕೊಳ್ಳುತ್ತೇವೆ. ಸತ್ತವರನ್ನು ಬೀಳ್ಕೊಡುವುದೂ ಹಾಗೆಯೇ.

ತಿತಿಲಿಯಾರ ತಾಯಿ ತೀರಿಕೊಂಡಾಗ ವಿಲಿಮೈನಾಗೆ ಏಳು ವರ್ಷ. ಕೊರಳ ತುಂಬ ಕಸೂತಿಯ ಅಂಚಿದ್ದ ಕಪ್ಪು ಅಂಗಿಯನ್ನು ತಿತಿಲಿಯಾರೇ ಹೊಲಿದು, ಗಂಜಿ ಹಾಕಿ ತೊಡಿಸಿದ್ದರು. ಅಜ್ಜಿಯ ಕೆನ್ನೆಗೆ ಮೂಗು ತಾಗಿಸು ಎಂದು ಮುಂದೆ ನೂಕಿದಾಗ ಹುಡುಗಿ ಕಿರುಚಿ, ಅಂಗಿ ಹರಿದುಕೊಂಡು ಓಡಿದಳು. ಊರ ಮುಂದೆ ತಾಯಿಯಿಂದ ಏಟು ಬಿತ್ತು. ಎಂಥ ಮಗಳನ್ನು ಬೆಳೆಸಿದ್ದಾಳಪ್ಪ ಎಂದು ಆಡಿಕೊಂಡವರಲ್ಲಿ ನಾನೂ ಒಬ್ಬಳು. ಇವತ್ತು ಅದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

"ಮಾರನೇ ದಿನ ಸ್ನಾನ ಮಾಡ್ಸುವಾಗ ನೋಡ್ದೆ. ಕತ್ತಿನ ಸುತ್ತ ಕೆಂಪಗೆ ಬಾಸುಂಡೆ. ನಾನು ಹೊಡೆದದ್ದು ಬೆನ್ನಿಗೆ ಕಣೆ. ಕತ್ತಿಂದು ನನ್ನ ಹೊಲಿಗೆ ಮಾಡಿದ್ದು. ಆ ಅಂಗೀನ ನನ್ನ ಕುತ್ತಿಗೆಗೆ ಸುತ್ಕೊಂಡು ಒಂದ್ ಗಂಟೆ ಕೂತೆ. ತಡ್ಕೊಳ್ಳೋಕಾಗ್ಲಿಲ್ಲ."

ಆ ಅಂಗಿಯ ಹೊಲಿಗೆಯೇ ಅವರು ಬಿಚ್ಚಿದ ಮೊದಲ ಹೊಲಿಗೆ. ಆಮೇಲೆ ವಿಶೇಷ ಮಕ್ಕಳ ಶಾಲೆಯ ಟೀಚರೊಬ್ಬರು ಅದನ್ನು ನೋಡಿ ಇನ್ನೊಂದು ಮಗುವಿನ ಅಂಗಿ ಕೊಟ್ಟರು, ಮತ್ತೊಂದು ಕೊಟ್ಟರು. ಅಂದಿನಿಂದ ಮಗಳನ್ನು ಮುಟ್ಟುವ ಮುನ್ನ ತಿತಿಲಿಯಾ ಅವಳ ಮುಖ ನೋಡುತ್ತಾರೆ. ಮುಖದಲ್ಲಿ ಒಪ್ಪಿಗೆ ಕಾಣದಿದ್ದರೆ ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳುತ್ತಾರೆ.

ಬಿಸಿಲು ಜಗಲಿಗೆ ಬರುತ್ತದೆ. ವಿಲಿಮೈನಾ ಒಳಗೆ ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತ ಗುನುಗುತ್ತಿದ್ದಾಳೆ. ನಿನಗೊಂದು ಆಸೆ ಅಂತಿದ್ದರೆ ಹೇಳು ಎಂದು ತಿತಿಲಿಯಾರನ್ನು ಕೇಳುತ್ತೇನೆ. ಹೊಸ ಮೆಷಿನ್ನು ಎನ್ನಬಹುದು ಎಂದುಕೊಂಡಿದ್ದೆ.

"ಒಂದು ಸಲ ಅವಳ ಕೆನ್ನೆ ವಾಸನೆ ತಗೋಬೇಕು," ಎನ್ನುತ್ತಾರೆ, ಮೆಲ್ಲಗೆ, ಒಳಗೆ ಕೇಳಿಸದಂತೆ. "ಒಗೆಯೋಕೆ ಹಾಕಿದ ಅವಳ ಬಟ್ಟೇನ ಮೂಸ್ತೀನಿ. ನಗಬೇಡ. ಅದ್ರಲ್ಲಿ ಸೋಪಿನ ವಾಸನೇನೇ ಜಾಸ್ತಿ."

"ಅವಳನ್ನೇ ಒಂದ್ಸಲ ಕೇಳಿ ನೋಡಬಾರದಾ ಅಕ್ಕಾ?"

ತಿತಿಲಿಯಾ ಸೂಜಿಯನ್ನು ಬಟ್ಟೆಯಲ್ಲೇ ನಿಲ್ಲಿಸುತ್ತಾರೆ.

"ಕೇಳಿದ್ರೆ ಬರ್ತಾಳೆ ಕಣೆ. ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ನನಗೋಸ್ಕರ ತಡ್ಕೊಂಡು ಕೂತ್ಕೋತಾಳೆ. ಅದಕ್ಕೇ ಕೇಳಲ್ಲ."