ಮೊದಲು ನೀರು ಕೇಳಬೇಕು

ನಮ್ಮ ಕಡೆ ಆಗ ಸೈಕಲ್ಲಿಗೆ ಒಳ್ಳೆಯ ಹೆಸರಿರಲಿಲ್ಲ. ಐವತ್ತರ ದಶಕದ ಮಾತು. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬಸ್ಸು ಓಡಾಡುತ್ತಿತ್ತಾದರೂ ಅದು ಬಂದಾಗಲೇ ಬಂತು ಅನ್ನಬೇಕು. ಒಳಗಿನ ಊರುಗಳಿಗೆ ಎತ್ತಿನ ಗಾಡಿಯೇ ಗತಿ. ಹಾಗಾಗಿ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ನೆಂಟರಿಗೆ ಸುದ್ದಿ ಮುಟ್ಟಿಸಲು ಸೈಕಲ್ ತುಳಿಯಬಲ್ಲ ಒಬ್ಬನನ್ನು ಕಳಿಸುತ್ತಿದ್ದರು. ಅವನಿಗೆ ಕಟ್ಟುಪಾಡುಗಳಿದ್ದವು. ಬೆಲ್ಲು ಹೊಡೆಯಬಾರದು. ನೆಂಟರ ಹೊಸಿಲು ದಾಟಬಾರದು. ಗಂಟಲು ಎಷ್ಟೇ ಒಣಗಿದ್ದರೂ ಆ ಮನೆಯ ನೀರು ಮುಟ್ಟಬಾರದು. ಬೀದಿಯಲ್ಲೇ ನಿಂತು ಹೇಳಿ, ಸೈಕಲ್ ತಿರುಗಿಸಿಕೊಂಡು ಮುಂದಿನ ಊರಿಗೆ ಹೋಗಬೇಕು.

ಹೀಗಾಗಿ ಪರವೂರಿನ ಸೈಕಲ್ಲೊಂದು ಬೀದಿಗೆ ಬಂತೆಂದರೆ ಹೆಂಗಸರು ಕೈಯಲ್ಲಿದ್ದ ಮೊರ ಕೆಳಗಿಟ್ಟು, ಅದು ಯಾರ ಮನೆ ಮುಂದೆ ನಿಲ್ಲುತ್ತದೋ ಎಂದು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ತಮ್ಮ ಮನೆ ದಾಟಿ ಹೋದರೆ ಮತ್ತೆ ಕೇರಲು ಕೂರುತ್ತಿದ್ದರು. ಇಂಥ ಸೈಕಲ್ಲನ್ನು ನನ್ನ ಚಿಕ್ಕಪ್ಪ ತಿರುಗಾಟಕ್ಕೆ ಅಂತ ಹಚ್ಚಿಕೊಂಡ.

ನಮ್ಮೂರು ಹಂಗಳ. ಚಿಕ್ಕಪ್ಪ ಅಂದರೆ ನಮ್ಮಪ್ಪನ ಕಿರಿಯ ತಮ್ಮ, ಅಪ್ಪನ ಜೊತೆ ಅದೇ ಹೊಲದಲ್ಲಿ ಗೇಯುತ್ತಿದ್ದವನು. ಮಾತು ಕಡಿಮೆ, ಹಟ ಜಾಸ್ತಿ. ರಾಗಿ ಒಕ್ಕಣೆ ಮುಗಿದು ಹುಲ್ಲಿನ ಮೆದೆ ಎದ್ದ ಮೇಲೆ ಒಂದು ಬೆಳಿಗ್ಗೆ ನನ್ನನ್ನು ಕರೆದು, ಬಾ, ಹೊಳೆ ನೋಡಿಕೊಂಡು ಅಕ್ಕನ ಊರಿನ ತನಕ ಹೋಗಿ ಬರೋಣ ಅಂದ. ಯಾವ ಕೆಲಸಕ್ಕೆ ಎಂದು ಅಪ್ಪ ಕೇಳಿದರು. ಕೆಲಸ ಏನೂ ಇಲ್ಲ ಅಂದ. ನಮ್ಮ ಮನೆಯಲ್ಲಿ ಕೆಲಸವಿಲ್ಲದೆ ಊರು ದಾಟಿದವರೇ ಇರಲಿಲ್ಲ. ಗುಂಡ್ಲುಹೊಳೆ ಹುಟ್ಟುವುದೇ ನಮ್ಮ ಬೆಟ್ಟದ ಕಡೆ, ಅದನ್ನು ನೋಡಿ ಸಾಕಾಗಿ ಇವನಿಗೆ ಇನ್ನೊಂದು ಹೊಳೆ ಬೇಕಾಯಿತಂತೆ ಎಂದು ಗೊಣಗಿಕೊಂಡು ಅಪ್ಪ ದನ ಬಿಡಲು ಹೋದರು.

ಚಿಕ್ಕಪ್ಪನದು ಸ್ವಂತ ಸೈಕಲ್ಲು, ಹಳೆಯದು. ನನ್ನದು ಗೆಳೆಯನಿಂದ ಇಸಿದುಕೊಂಡದ್ದು, ಇನ್ನೂ ಹಳೆಯದು. ಕ್ಯಾರಿಯರಿಗೆ ಕಂಬಳಿ ಸುತ್ತಿ, ಹ್ಯಾಂಡಲ್ಲಿಗೆ ಬುತ್ತಿ ನೇತುಹಾಕಿಕೊಂಡು ಹೊರಟೆವು. ಆಗ ನನಗೆ ಮೀಸೆ ಚಿಗುರಿದ್ದ ವಯಸ್ಸು. ಗುಂಡ್ಲುಪೇಟೆ ದಾಟುವುದರೊಳಗೆ ನನ್ನ ತಾಳ್ಮೆ ಕೆಟ್ಟಿತು. ಏರು ಬಂದರೆ ಚಿಕ್ಕಪ್ಪ ಇಳಿದು ತಳ್ಳುತ್ತಿದ್ದ, ಸರಿ. ಇಳಿಜಾರಿನಲ್ಲೂ ಬ್ರೇಕ್ ಹಿಡಿದುಕೊಂಡೇ ಬರುತ್ತಿದ್ದ. ಪೇಟೆಯ ಮಲೆಯಾಳಿ ಕಾಕನ ಅಂಗಡಿಯಲ್ಲಿ ಒಂದು ಲೋಟ ಟೀಯನ್ನು ಅದು ತಣ್ಣಗಾಗಿ ಕೆನೆ ಕಟ್ಟುವ ತನಕ ಹಿಡಿದು ಕೂತ. ಹಳ್ಳ ಕಂಡಲ್ಲಿ ಇಳಿದು ನೀರಿಗೆ ಕಾಲು ಇಳಿಬಿಟ್ಟ. ತೆರಕಣಾಂಬಿ ದಾಟಿದ ಮೇಲೆ ನಾನು ಮುಂದೆ ಹೋಗಿ, ಮರದ ಕೆಳಗೆ ಕಾದು ಕಾದು, ಸಿಟ್ಟಿನಿಂದ ವಾಪಸ್ಸು ಬಂದು, ಹೀಗೆ ಹೋದರೆ ಮುಂದಿನ ಒಕ್ಕಣೆಗೆ ಊರು ಸೇರುತ್ತೇವೆ ಅಂದೆ.

ಅವನು ನಿಧಾನವಾಗಿಯೇ ತುಳಿಯುತ್ತಾ ಹೇಳಿದ: "ಜೋರಾಗಿ ತುಳ್ಯೋನು ಸುದ್ದಿ ತಕ್ಕೊಂಡು ಓಗೋನು ಕಣ್ಲಾ. ನಮ್ತಾವ ಯಾವ ಸುದ್ದಿನೂ ಇಲ್ವಲ್ಲ."

ಆ ಮಾತು ಕೇಳಿದ ಮೇಲೆ ನಾನೂ ನಿಧಾನ ಮಾಡಿದೆ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವನು ಅಕ್ಕನ ವಿಷಯ ತೆಗೆದ. ಅವಳು, ಅಂದರೆ ನನ್ನ ಅತ್ತೆ, ನಮ್ಮ ಮನೆಯ ದೊಡ್ಡ ಮಗಳು, ಅಪ್ಪನಿಗೂ ಅಕ್ಕ. ತಾಯಿ ಕಾಯಿಲೆಯವಳಾದ್ದರಿಂದ ಚಿಕ್ಕಪ್ಪನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅವಳೇ. ಮದುವೆಯಾಗಿ ಚಂದಕವಾಡಿಯಿಂದಾಚೆ ಹೊನ್ನುಹೊಳೆ ದಂಡೆಯ ಊರಿಗೆ ಹೋದಳು. ಆಮೇಲೆ ತವರಿನಿಂದ ಅವಳ ಬಾಗಿಲಿಗೆ ಸೈಕಲ್ಲು ಬಂದದ್ದು ತಾಯಿ ಸತ್ತಾಗ, ತಂದೆ ಸತ್ತಾಗ, ತಂಗಿ ಬಾಣಂತನದಲ್ಲಿ ಹೋದಾಗ. ಒಳ್ಳೆಯದಕ್ಕೆ ಒಂದು ಸಲವೂ ಬರಲಿಲ್ಲ. ಈಗ ಯಾರ ಸೈಕಲ್ ಕಂಡರೂ ಅವಳ ಕೈಕಾಲು ತಣ್ಣಗಾಗುತ್ತವಂತೆ. ಸಂತೆಯಲ್ಲಿ ಸಿಕ್ಕಿದ ಆ ಊರಿನವರೊಬ್ಬರು ಚಿಕ್ಕಪ್ಪನಿಗೆ ಹೇಳಿದ್ದರು. ನಮ್ಮ ತಿರುಗಾಟದ ಮರ್ಮ ನನಗೆ ಆಗ ತಿಳಿಯಿತು. ಸೈಕಲ್ ಕಂಡರೆ ತನ್ನ ಅಕ್ಕ ನಗಬೇಕು, ಅಷ್ಟಾದರೆ ಸಾಕು ಎಂಬುದು ಅವನ ಆಸೆ.

ಚಾಮರಾಜನಗರದ ಛತ್ರವೊಂದರಲ್ಲಿ ಮಲಗಿ ಎದ್ದು, ಮಾರನೆಯ ದಿನ ಚಂದಕವಾಡಿ ದಾಟಿ ಹೊಳೆ ಸೇರಿದೆವು. ಆಗಿನ್ನೂ ಹೊನ್ನುಹೊಳೆಗೆ ಅಣೆಕಟ್ಟು ಬಂದಿರಲಿಲ್ಲ. ಚಳಿಗಾಲದ ಕೊನೆಯಾದರೂ ಮರಳಿನ ನಡುವೆ ತಿಳಿನೀರು ಹರಿಯುತ್ತಿತ್ತು. ದಂಡೆಯ ಹೊಂಗೆ ಮರಗಳ ನೆರಳಲ್ಲಿ ಬಂಡಿಜಾಡು ಹಿಡಿದು ಹೋದೆವು. ಅಷ್ಟು ಚೆಂದದ ದಾರಿಯನ್ನು ನಾನು ಆಮೇಲೆ ಕಂಡಿಲ್ಲ.

ಅತ್ತೆಯ ಬೀದಿಗೆ ಇಳಿದದ್ದೇ ತಡ, ನಡೆಯಬಾರದ್ದು ನಡೆಯಿತು. ನಾವಿಬ್ಬರೂ ಪೆದ್ದರು. ಅವಳ ಭಯ ಬಿಡಿಸಲು ಹೊರಟವರು, ಹೇಗೆ ಎದುರು ನಿಲ್ಲಬೇಕೆಂದು ಯೋಚನೆಯನ್ನೇ ಮಾಡಿರಲಿಲ್ಲ. ಒಂದಲ್ಲ, ಎರಡು ಸೈಕಲ್ಲು, ಅದರ ಮೇಲೆ ತವರಿನವರೇ. ಜಗಲಿಯಲ್ಲಿದ್ದ ಅತ್ತೆ ಕಂಬ ಹಿಡಿದು ಹಾಗೇ ಕುಸಿದಳು. ನಮ್ಮಪ್ಪನ ಹೆಸರು ಹಿಡಿದು ಅಳಲು ಶುರುಮಾಡಿದಳು. ಅಕ್ಕಪಕ್ಕದ ಹೆಂಗಸರು ಓಡಿ ಬಂದು ಅವಳನ್ನು ಹಿಡಿದುಕೊಂಡು ತಾವೂ ಅಳತೊಡಗಿದರು. ಅಪ್ಪ ಊರಲ್ಲಿ ಗಟ್ಟಿಮುಟ್ಟಾಗಿ ದನ ಮೇಯಿಸುತ್ತಿದ್ದರು. ಅದನ್ನು ನಾವು ಕೂಗಿ ಹೇಳಿದರೂ ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಸಮಾಧಾನಕ್ಕೆ ಹೇಳುವ ಸುಳ್ಳು ಅಂದುಕೊಂಡರೋ ಏನೋ.

ಚಿಕ್ಕಪ್ಪ ಸೈಕಲ್ಲನ್ನು ನನ್ನ ಕೈಗೆ ಕೊಟ್ಟು ಹೆಂಗಸರ ನಡುವೆ ತೂರಿ ಹೋಗಿ, ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತ. ಕೈ ಬೊಗಸೆ ಮಾಡಿದ.

"ಅಕ್ಕ, ಒಸಿ ನೀರ್ ಕೊಡು. ಬಾಯಾರ್ತದೆ."

ಅಳು ಅಲ್ಲಿಗೇ ನಿಂತಿತು. ಸಾವಿನ ಸುದ್ದಿ ತಂದವನು ನೀರು ಕೇಳುವುದಿಲ್ಲ. ಅತ್ತೆ ಅವನ ಮುಖವನ್ನೇ ನೋಡಿದಳು. ಎದ್ದು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಳು. ಅವನು ಕುಡಿದು ಮುಗಿಸುವ ತನಕ ಎದುರಿಗೇ ನಿಂತು ನೋಡಿ, ಚೊಂಬು ವಾಪಸ್ಸು ಇಸಿದುಕೊಂಡ ಮೇಲೆ ಅವನ ಬೆನ್ನಿಗೆ ರಪರಪ ಬಾರಿಸಿದಳು. ಹೊಡೆಯುತ್ತಾ ಮತ್ತೆ ಅತ್ತಳು. ಅವನು ತಲೆ ತಗ್ಗಿಸಿ ಹೊಡೆಸಿಕೊಂಡ. ಆ ಸಂಜೆ ಬಿಸಿ ಮುದ್ದೆ, ಅವರೆಕಾಳು ಸಾರು.

ಅಲ್ಲಿಂದ ಒಂದು ಒಪ್ಪಂದವಾಯಿತು. ಊರಂಚಿನ ಹುಣಸೆಮರದಿಂದಲೇ ಬೆಲ್ಲು ಹೊಡೆದುಕೊಂಡು ಬರಬೇಕು. ಬಾಗಿಲಿಗೆ ಬಂದು, ಯೋಗಕ್ಷೇಮಕ್ಕೂ ಮೊದಲು ನೀರು ಕೇಳಬೇಕು. ಆಮೇಲೆ ಪ್ರತಿ ವರ್ಷ ಒಕ್ಕಣೆ ಮುಗಿದ ಕೂಡಲೇ ನಾವು ಹೊರಡುತ್ತಿದ್ದೆವು. ಹೋಗುವಾಗ ಹೊಳೆಯ ದಾರಿ, ಬರುವಾಗ ಮನಸ್ಸು ಬಂದ ದಾರಿ. ಒಮ್ಮೆ ಕುದೇರಿನ ಕಡೆ ಸುತ್ತಿ ಬಂದೆವು. ಕಂಡಕಂಡ ಊರಿನಲ್ಲೆಲ್ಲ ಚಿಕ್ಕಪ್ಪ ಮೊದಲು ನೀರು ಕೇಳುತ್ತಿದ್ದ, ಬಾಯಾರಿಕೆ ಇರಲಿ ಬಿಡಲಿ. ಅವನ ಹೊಟ್ಟೆಯಲ್ಲಿ ಒಂದು ಕೆರೆಯಷ್ಟು ನೀರಿದೆ ಎಂದು ನಾನು ಗೇಲಿ ಮಾಡುತ್ತಿದ್ದೆ.

ಅತ್ತೆ ಬದಲಾದದ್ದು ಮೆಲ್ಲಗೆ. ಎರಡನೆಯ ವರ್ಷ ಬೆಲ್ಲು ಕೇಳಿಯೂ ಗಾಬರಿಯಲ್ಲೇ ಚೊಂಬಿನ ನೀರು ತುಳುಕಿಸಿಕೊಂಡು ಬಂದಳು. ಅದರ ಮುಂದಿನ ಸಲ ಸುಗ್ಗಿ ಮುಗಿದಾಗಿನಿಂದ ದಾರಿ ಕಾಯುತ್ತಿದ್ದೆ ಅಂದಳು. ಕೊನೆಯ ವರ್ಷ ಹುಣಸೆಮರದ ಹತ್ತಿರಕ್ಕೇ ಬಂದು ನಿಂತಿದ್ದಳು, ಸೆರಗಿನ ಮರೆಯಲ್ಲಿ ಚೊಂಬು ಹಿಡಿದುಕೊಂಡು. ಮಾರನೆಯ ಬೆಳಿಗ್ಗೆ ಚಿಕ್ಕಪ್ಪ ಹಟ ಹಿಡಿದು ಅವಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡ. ಮುಪ್ಪಿಗೆ ಕಾಲಿಟ್ಟಿದ್ದ ಹೆಂಗಸು, ಊರು ಏನೆಂದೀತು ಎಂದು ಬೈಯುತ್ತಲೇ ಹತ್ತಿದಳು. ಹೊಳೆದಂಡೆಯ ಹೊಂಗೆ ನೆರಳಲ್ಲಿ ಅವನು ನಿಧಾನಕ್ಕೆ ತುಳಿದ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನಿಂತು ನೋಡಿದರು. ಅತ್ತೆ ಒಂದು ಕೈಯಲ್ಲಿ ತಮ್ಮನ ಅಂಗಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ಆ ನಗುವಿಗೆ ಅವನು ಅಷ್ಟು ವರ್ಷ ತುಳಿದಿದ್ದ.

ಆ ವರ್ಷ ಮುಂಗಾರು ಬಿತ್ತನೆಯ ಹೊತ್ತಿಗೆ ಚಿಕ್ಕಪ್ಪ ಹೊಲದಲ್ಲಿ ಎದೆ ಹಿಡಿದುಕೊಂಡು ಕೂತ. ಮನೆಗೆ ತಂದು ಮಲಗಿಸಿದೆವು. ಬೆಳಗಿನ ಜಾವ ಹೋಗಿಬಿಟ್ಟ. ನನಗೆ ಅಳಲೂ ಬಿಡುವಿರಲಿಲ್ಲ. ದಾರಿ ಗೊತ್ತಿರುವವನು ನೀನೇ ಎಂದು ಅಪ್ಪ ನನ್ನ ಭುಜ ಹಿಡಿದು ಹೇಳಿದರು. ಅಕ್ಕ ಬಂದು ಮುಖ ನೋಡುವ ತನಕ ಮಣ್ಣು ಮಾಡುವುದಿಲ್ಲ, ಬೇಗ ಹೋಗಿ ಹೇಳು, ಬಸ್ಸಿಗೆ ಹತ್ತಿಸು ಅಂದರು. ಚಿಕ್ಕಪ್ಪನ ಸೈಕಲ್ಲನ್ನೇ ತೆಗೆದುಕೊಂಡೆ.

ಅವನು ಕಾಲು ಇಳಿಬಿಟ್ಟು ಕೂರುತ್ತಿದ್ದ ಹಳ್ಳಗಳೆಲ್ಲ ಬಂದವು, ಹೋದವು. ಕಾಕನ ಅಂಗಡಿ ಹೋಯಿತು. ಹುಚ್ಚನ ಹಾಗೆ ತುಳಿದೆ. ಆ ದಾರಿಯನ್ನು ನಾನು ಜೋರಾಗಿ ತುಳಿದದ್ದು ಅದೊಂದೇ ಸಲ. ಹುಣಸೆಮರದ ಹತ್ತಿರ ಬಂದಾಗ ಬೆರಳು ತನ್ನಷ್ಟಕ್ಕೆ ಬೆಲ್ಲಿನ ಮೇಲೆ ಹೋಯಿತು. ತೆಗೆದುಬಿಟ್ಟೆ.

ಅತ್ತೆ ಜಗಲಿಯಲ್ಲಿ ಹುರಳಿ ಕೇರುತ್ತಿದ್ದಳು. ನಾನು ಬೀದಿಯಲ್ಲೇ ನಿಂತೆ. ಅವಳು ನನ್ನನ್ನು ನೋಡಿದಳು, ಸೈಕಲ್ಲನ್ನು ನೋಡಿದಳು, ನನ್ನ ಹಿಂದಿನ ದಾರಿಯನ್ನು ನೋಡಿದಳು. ಅಪ್ಪನಿಗೆ ಏನಾದರೂ ಆಗಿದ್ದರೆ ಚಿಕ್ಕಪ್ಪನೇ ಬರುತ್ತಿದ್ದ. ನಾನೊಬ್ಬನೇ ಬಂದು ನೀರು ಕೇಳದೆ ನಿಂತದ್ದರಲ್ಲೇ ಅವಳಿಗೆ ಎಲ್ಲ ತಿಳಿಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದು ತಡೆದಳು. ಮೊರ ಪಕ್ಕಕ್ಕಿಟ್ಟು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಚೊಂಬಿತ್ತು. ಹೊಸಿಲು ದಾಟಿ, ಜಗಲಿ ಇಳಿದು, ಬೀದಿಗೇ ಬಂದು ನನ್ನ ಮುಂದೆ ಹಿಡಿದಳು.

ನಾನು ತಲೆ ಅಲ್ಲಾಡಿಸಿದೆ. ಕುಡಿಯಬಾರದು, ಅವಳಿಗೂ ಗೊತ್ತು.

"ಗೊತ್ತು ಕಣ್ ಮೊಗ. ಬಾಯ್ ಬುಡ್ಬೇಡ," ಅಂದಳು. "ಮೊದ್ಲು ಕುಡಿ. ನೀ ಕುಡ್ಯೋಗಂಟನಾದ್ರೂ ನನ್ ತಮ್ಮ ಇರ್ಲಿ."

ಊರಲ್ಲಿ ಎಲ್ಲರೂ ಕಾಯುತ್ತಿದ್ದರು. ಬಸ್ಸಿನ ಹೊತ್ತಾಗುತ್ತಿತ್ತು. ನಾನು ಚೊಂಬು ಇಸಿದುಕೊಂಡೆ. ಅತ್ತೆ ಚಿಕ್ಕಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೈಯಿಟ್ಟು ನಿಂತಳು. ಒಂದೊಂದೇ ಗುಟುಕು ಕುಡಿದೆ, ಎಷ್ಟು ನಿಧಾನವಾಗಿ ಆಗುತ್ತದೋ ಅಷ್ಟು ನಿಧಾನವಾಗಿ. ಚೊಂಬು ಬರಿದಾದ ಮೇಲೆ ಹೇಳಿದೆ.