ಠಾಣೆಗೆ ಹೋದ ಪಿಸ್ತೂಲು

ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದರು. ಜೀವಕ್ಕೆ ಅಪಾಯವಿದೆಯೆಂದು ಲೈಸೆನ್ಸ್ ಪಡೆದಿದ್ದ ಪಿಸ್ತೂಲು ಸದಾ ಅವರ ಸೊಂಟದಲ್ಲಿರುತ್ತಿತ್ತು. ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಹಳೆಯ ಪೇಪರ್ ಹಾಸಿ, ಗುಂಡು ತೆಗೆದಿಟ್ಟು, ನಳಿಗೆಯೊಳಗೆ ಬ್ರಶ್ ಆಡಿಸಿ, ಧೋತರದ ಚೂರಿನಿಂದ ಒರೆಸುತ್ತಿದ್ದರು. "ಎಣ್ಣಿ ಒಂದ ಹನಿ ಸಾಕ್ರಿ, ಹೆಚ್ಚಾದ್ರ ಧೂಳ ಹಿಡಿತೈತಿ" ಎಂದು ನೋಡಿದವರಿಗೆಲ್ಲ ಹೇಳುವರು. ಅವರು ಅದನ್ನು ಹಾರಿಸಿದ್ದನ್ನು ಯಾರೂ ಕಂಡಿರಲಿಲ್ಲ.

ಚುನಾವಣೆ ಬಂತು. ನಿಯಮದಂತೆ ಪಿಸ್ತೂಲನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಾಯಿತು. ಮರುದಿನವೇ ಎಣ್ಣೆಯ ಬಾಟಲಿ ಹಿಡಿದು ಅಲ್ಲಿಗೆ ಹೋದರು. "ಎಲೆಕ್ಷನ್ ಮುಗಿಯೂತನಕ ಮುಟ್ಟಂಗಿಲ್ರಿ ಸಾವ್ಕಾರ್ರ" ಎಂದು ಪೊಲೀಸರು ವಾಪಸು ಕಳಿಸಿದರು. ವ್ಯಾಪಾರಿಗೆ ಊಟ ಸೇರದಾಯಿತು.

ಪಿಸ್ತೂಲು ಮರಳಿ ಬಂದ ದಿನ ಕೇಳಿದೆ: "ಇಷ್ಟ ದಿನ ಅಂಜಿಕಿ ಬರಲಿಲ್ಲೇನ್ರಿ ಕಾಕಾ?"

ಬ್ರಶ್ ನಿಲ್ಲಿಸದೆ ಹೇಳಿದರು: "ಭಾಳ ಬಂತು ತಮ್ಮಾ. ಅಲ್ಲಿ ಅದನ್ನ ಒರಸಾವ್ರು ಯಾರಿದ್ರು?"